ವರದಿಗಾರನಿಗೆ ಪಿಂಗ್ ಜಾಸ್ತಿ

ನನ್ನ ಅಕ್ಕನ ಮಗಳು ಟಿವಿ ನ್ಯೂಸ್ ನೋಡುವುದು ಮ್ಯೂಟ್ ಮಾಡಿಕೊಂಡು. ಆ್ಯಂಕರ್ ಎಷ್ಟೇ ಕೂಗಾಡಲಿ, ಇವಳಿಗೆ ಕೇಳುವುದಿಲ್ಲ. ಕೇಳುವುದು ಬೇಕಾಗಿಯೂ ಇಲ್ಲ. ಪರದೆಯ ಒಂದೊಂದು ಮೂಲೆಯನ್ನೂ ಕಣ್ಣಲ್ಲೇ ತಡಕುತ್ತಾ ಕೂತಿರುತ್ತಾಳೆ. ಕಾಲೇಜು ಓದುವ ಹುಡುಗಿ. ವಿಡಿಯೋ ಗೇಮ್ ಅಂದರೆ ಜೀವ. ಹೊಸ ಚಿಪ್ ಬಂತು ಅಂದರೆ ಅದರ ಒಳಗೆ ಏನೇನಿದೆ ಅಂತ ರಾತ್ರಿಯೆಲ್ಲಾ ಕೂತು ಓದುತ್ತಾಳೆ. ಇವೆರಡನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬಹುದು. ಆದರೆ ಈ ನ್ಯೂಸ್ ಹುಚ್ಚು ಎಲ್ಲಿಂದ ಅಂಟಿಕೊಂಡಿತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಓರಗೆಯವರು ನ್ಯೂಸ್ ಚಾನೆಲ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಅಕ್ಕನ ಲೆಕ್ಕದಲ್ಲಿ ಇವು ಮೂರು ಬೇರೆ ಬೇರೆ ಚಟ. ಒಂದಕ್ಕೆ ಬೈದು ಮುಗಿಸುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ನನಗೆ ಮಾತ್ರ ಅವಳ ಪಕ್ಕ ಕೂತು ನೋಡಿದ ಮೇಲೆ ಇದೆಲ್ಲ ಒಂದೇ ಹುಚ್ಚು ಅನ್ನಿಸತೊಡಗಿದೆ. ಪರದೆಯ ಮೇಲೆ 'ಈಗ' ಅಂತ ಕಾಣಿಸುತ್ತದಲ್ಲ, ಅದು ಹೇಗೆ ತಯಾರಾಗುತ್ತದೆ ಅನ್ನುವುದು ಅವಳ ಪ್ರಶ್ನೆ. ಗೇಮ್‌ನಲ್ಲೂ ಅದೇ, ನ್ಯೂಸ್‌ನಲ್ಲೂ ಅದೇ.

ಇದು ನನಗೆ ಹೊಳೆದದ್ದು ಒಂದು ಸಂಜೆ. ಎಲ್ಲೋ ಜೋರು ಮಳೆ. ಪರದೆ ಎರಡು ಭಾಗವಾಗಿತ್ತು. ಎಡಕ್ಕೆ ಸ್ಟುಡಿಯೋದ ಆ್ಯಂಕರ್, ಬಲಕ್ಕೆ ರೇನ್‌ಕೋಟ್ ಹಾಕಿಕೊಂಡು ಮೈಕ್ ಹಿಡಿದು ನಿಂತ ವರದಿಗಾರ. ಆ್ಯಂಕರ್ ಪ್ರಶ್ನೆ ಕೇಳಿ ಬಾಯಿ ಮುಚ್ಚಿದಳು. ವರದಿಗಾರ ಸುಮ್ನೆ ಕ್ಯಾಮೆರಾ ನೋಡುತ್ತಾ ನಿಂತ. ಮುಖದಲ್ಲಿ ಏನೂ ಇಲ್ಲ. ಆಮೇಲೆ ತಲೆ ಆಡಿಸಿದ, ಇಯರ್‌ಪೀಸನ್ನು ಬೆರಳಲ್ಲಿ ಒತ್ತಿಕೊಂಡ, ಬಾಯಿ ತೆರೆದ. ಅಷ್ಟರಲ್ಲಿ ಇವನಿಗೆ ಕೇಳಿಸಿಲ್ಲ ಅಂದುಕೊಂಡು ಅವಳು ಮತ್ತೆ ಕೇಳಲು ಶುರು ಮಾಡಿದ್ದಳು. ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರು ಮಾಡಿದರು. ಮ್ಯೂಟ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನನಗೆ ನಗು ತಡೆಯಲಾಗಲಿಲ್ಲ. ಇವಳು ಮಾತ್ರ ನಿಜವಾದ ಕನಿಕರದಿಂದ, "ಪಾಪ, ಅವನಿಗೆ ಪಿಂಗ್ ಜಾಸ್ತಿ ಇದೆ" ಅಂದಳು.

ಆನ್‌ಲೈನ್ ಗೇಮ್ ಆಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಬಟನ್ ಒತ್ತಿದ್ದು ದೂರದ ಸರ್ವರ್‌ಗೆ ಮುಟ್ಟಿ, ಅಲ್ಲಿಂದ ಉತ್ತರ ಬರಲು ಹಿಡಿಯುವ ಸಮಯವೇ ಪಿಂಗ್. 50 ಮಿಲಿಸೆಕೆಂಡ್ ಒಳಗಿದ್ದರೆ ಆರಾಮ. 200 ದಾಟಿತೋ, ಎದುರಾಳಿ ಕಾಣಿಸುವ ಮೊದಲೇ ನೀವು ಸತ್ತಿರುತ್ತೀರಿ. ವರದಿಗಾರನ ಕಷ್ಟವೂ ಅದೇ ಅಂತ ಅವಳು ಅಲ್ಲೇ ಲೆಕ್ಕ ಹಾಕಿ ತೋರಿಸಿದಳು. ಟಿವಿಯವರು ಬಳಸುವ ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಸಿಗ್ನಲ್ ಅಲ್ಲಿಗೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲೇ ಹೋದರೂ ಕಾಲು ಸೆಕೆಂಡ್ ಹತ್ತಿರ ಬೇಕು. ಪ್ರಶ್ನೆಗೊಂದು ಸಲ, ಉತ್ತರಕ್ಕೊಂದು ಸಲ. ಅರ್ಧ ಸೆಕೆಂಡ್ ಆಕಾಶದಲ್ಲೇ ಹೋಯಿತು. ಎಷ್ಟೇ ದುಡ್ಡು ಸುರಿದರೂ ಅದನ್ನು ಕಡಿಮೆ ಮಾಡಲು ಆಗುವುದಿಲ್ಲ. ಈಗ ಎಷ್ಟೋ ವರದಿಗಾರರು ಡಿಶ್ ವ್ಯಾನ್ ಬಿಟ್ಟು ಬೆನ್ನಿಗೆ ಒಂದು ಬ್ಯಾಗ್ ಹಾಕಿಕೊಂಡು ಓಡಾಡುತ್ತಾರೆ. ಅದರೊಳಗೆ ಬೇರೆ ಬೇರೆ ಕಂಪನಿಯ ಹಲವು ಸಿಮ್‌ಗಳಿರುತ್ತವೆ. ವಿಡಿಯೋವನ್ನು ಚೂರು ಮಾಡಿ ಎಲ್ಲ ನೆಟ್‌ವರ್ಕ್‌ಗಳ ಮೇಲೂ ಹಂಚಿ ಕಳಿಸುತ್ತದೆ. ಸ್ಟುಡಿಯೋದಲ್ಲಿ ಅವನ್ನು ಮತ್ತೆ ಜೋಡಿಸಬೇಕು. ತಡವಾಗಿ ಬರುವ ಚೂರಿಗಾಗಿ ಉಳಿದವು ಕಾಯಬೇಕು. ಹೀಗಾಗಿ ಅಲ್ಲಿ ಒಂದೆರಡು ಸೆಕೆಂಡ್ ಹೋದರೂ ಆಶ್ಚರ್ಯವಿಲ್ಲ.

"ನ್ಯೂಸ್‌ನವರು ಕಾಯ್ತಾರೆ. ಗೇಮ್‌ಗೆ ಕಾಯೋಕೆ ಟೈಮೇ ಇಲ್ಲ" ಅಂದಳು.

ಗೇಮ್ ಹೇಳುವ ಸುಳ್ಳು

ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮ್‌ಗೆ ಒಂದೊಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಆಟಗಾರ ಏನು ಒತ್ತಿದ, ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ನೆರಳು ಎಲ್ಲಿ ಬೀಳಬೇಕು, ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಸರ್ವರ್‌ನಿಂದ ಉತ್ತರ ಬರಲಿ ಅಂತ ಕೂತರೆ ಆಟ ತಡವರಿಸುತ್ತದೆ. ಅದಕ್ಕೇ ಗೇಮ್ ಕಾಯುವುದಿಲ್ಲ. ಊಹೆ ಮಾಡುತ್ತದೆ. ನೀವು ಮುಂದೆ ಓಡುವ ಬಟನ್ ಒತ್ತಿದ್ದೀರಿ, ಓಡಿಯೇ ಇರುತ್ತೀರಿ ಅಂತ ಓಡಿಸಿಬಿಡುತ್ತದೆ. ಎದುರಾಳಿ ಹಿಂದಿನ ಕ್ಷಣ ಎಡಕ್ಕೆ ಹೋಗುತ್ತಿದ್ದ, ಈಗಲೂ ಹೋಗುತ್ತಿರಬಹುದು ಅಂತ ಅವನನ್ನು ಎಡಕ್ಕೆ ಸರಿಸಿ ತೋರಿಸುತ್ತದೆ. ನಿಮ್ಮ ಕಣ್ಣಿಗೆ ಎಲ್ಲವೂ ಈಗಲೇ ನಡೆಯುತ್ತಿದೆ. ನಿಜ ಹೇಳಬೇಕೆಂದರೆ ಅರ್ಧ ಭಾಗ ಊಹೆ.

ಊಹೆ ತಪ್ಪಿದರೆ? ನೀವು ಬಾಗಿಲು ದಾಟಿ ಆಚೆ ಹೋಗಿರುತ್ತೀರಿ. ಸರ್ವರ್‌ನಿಂದ ಸುದ್ದಿ ಬರುತ್ತದೆ, ಇಲ್ಲ, ನೀನು ಬಾಗಿಲಲ್ಲೇ ಇದ್ದೀಯ ಅಂತ. ಮರುಕ್ಷಣ ಗೇಮ್ ನಿಮ್ಮನ್ನು ರಪ್ ಅಂತ ಹಿಂದಕ್ಕೆ ಎಳೆದು ಬಾಗಿಲಲ್ಲಿ ನಿಲ್ಲಿಸುತ್ತದೆ. ಆಟಗಾರರು ರಬ್ಬರ್ ಬ್ಯಾಂಡಿಂಗ್ ಅಂತ ಬೈಯುವುದು ಇದನ್ನೇ. ನೋಡಲು ಅಸಹ್ಯ. ಆಡುವವರಿಗೆ ಸಿಟ್ಟು. ಆದರೆ ಒಂದು ಮಾತು ಒಪ್ಪಬೇಕು. ತಪ್ಪು ಎಲ್ಲಿ ಕಾಣಿಸಿತ್ತೋ ತಿದ್ದುಪಡಿಯೂ ಅಲ್ಲೇ, ಅಷ್ಟೇ ದೊಡ್ಡದಾಗಿ, ಕಣ್ಣಿಗೆ ರಾಚುವ ಹಾಗೆ ಆಗುತ್ತದೆ. ಮುಚ್ಚಿಡಲು ಗೇಮ್‌ಗೆ ಆಗುವುದೇ ಇಲ್ಲ.

ಇಷ್ಟು ಹೇಳಿ ಅವಳು ಟಿವಿ ಕಡೆ ಕೈ ತೋರಿಸಿದಳು. "ಇವರೂ ಊಹೆ ಮಾಡ್ತಾರೆ ಚಿಕ್ಕಮ್ಮ. ಆದರೆ ಹಿಂದಕ್ಕೆ ಎಳೆಯೋದು ಮಾತ್ರ ನಾನು ನೋಡೇ ಇಲ್ಲ."

ಒಂದು ಸಲ ಎಳೆದದ್ದು ಇದೆ. ಅವಳು ಹುಟ್ಟುವ ಮೊದಲಿನ ಕಥೆ. 2000ನೇ ಇಸವಿ ನವೆಂಬರ್ 7, ಅಮೆರಿಕದ ಅಧ್ಯಕ್ಷ ಚುನಾವಣೆ. ಫ್ಲಾರಿಡಾ ಗೆದ್ದವರಿಗೆ ಅಧ್ಯಕ್ಷ ಪಟ್ಟ ಅನ್ನುವ ಪರಿಸ್ಥಿತಿ. ರಾತ್ರಿ ಎಂಟು ಗಂಟೆಗೆ ಮೊದಲೇ ದೊಡ್ಡ ಚಾನೆಲ್‌ಗಳು ಆಲ್ ಗೋರ್ ಗೆದ್ದರು ಅಂದವು. ಹತ್ತು ಗಂಟೆ ಹೊತ್ತಿಗೆ ಅದನ್ನು ವಾಪಸ್ ಪಡೆದವು. ಮಧ್ಯರಾತ್ರಿ ಕಳೆದು ಎರಡು ಗಂಟೆಯ ಮೇಲೆ ಜಾರ್ಜ್ ಬುಷ್ ಗೆದ್ದರು ಅಂದವು. ಗೋರ್ ಫೋನ್ ಮಾಡಿ ಬುಷ್‌ಗೆ ಅಭಿನಂದನೆ ಹೇಳಿದರು. ಆಮೇಲೆ ಮತ್ತೆ ಫೋನ್ ಮಾಡಿ ಸೋಲು ಒಪ್ಪಿದ್ದನ್ನು ವಾಪಸ್ ಪಡೆದರು. ನಾಲ್ಕು ಗಂಟೆ ಹೊತ್ತಿಗೆ ಚಾನೆಲ್‌ಗಳೂ ಎರಡನೇ ಸಲ ಹಿಂದೆ ಸರಿದವು. ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟ್ ಡಿಸೆಂಬರ್ 12ರಂದು ತೀರ್ಪು ಕೊಡುವವರೆಗೂ ಎಳೆದಾಟ. ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ.

ಇದನ್ನು ಹೇಳಿದಾಗ ಅವಳ ಮೊದಲ ಪ್ರಶ್ನೆ, ಅಷ್ಟೂ ಚಾನೆಲ್‌ಗಳು ಒಂದೇ ತಪ್ಪನ್ನು ಒಟ್ಟಿಗೆ ಹೇಗೆ ಮಾಡಿದವು ಅಂತ. ಎಲ್ಲರೂ ಸೇರಿ ದುಡ್ಡು ಹಾಕಿ ನಡೆಸುತ್ತಿದ್ದ ಒಂದೇ ಸಂಸ್ಥೆಯ ಅಂಕಿಅಂಶವನ್ನು ನಂಬಿದ್ದರು ಅಂದೆ. "ಓ, ಸರ್ವರ್‌ನಲ್ಲೇ ಬಗ್" ಅಂದಳು. ಆ ಸಂಸ್ಥೆಯನ್ನು 2003ರಲ್ಲಿ ಮುಚ್ಚಿದರು.

ಮಿತಿಯ ಮೇಲೆ ಪ್ರೀತಿ

ಟೆಕ್ನಾಲಜಿ ಅಂದರೆ ಇಷ್ಟ ಅನ್ನುವವರಲ್ಲಿ ಎರಡು ಜಾತಿ. ಹೊಸದರಲ್ಲಿ ಏನಿದೆ ಅಂತ ನೋಡುವವರು ಒಂದು. ಹಳೆಯದರಲ್ಲಿ ಏನಿರಲಿಲ್ಲ, ಆದರೂ ಹೇಗೆ ನಡೆಸಿದರು ಅಂತ ನೋಡುವವರು ಇನ್ನೊಂದು. ಇವಳು ಎರಡನೆಯ ಜಾತಿ. 1978ರ ಸ್ಪೇಸ್ ಇನ್ವೇಡರ್ಸ್ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಸಾಲುಗಟ್ಟಿ ಇಳಿಯುವ ಅನ್ಯಗ್ರಹದ ಜೀವಿಗಳನ್ನು ಹೊಡೆಯುತ್ತಾ ಹೋದ ಹಾಗೆ ಉಳಿದವು ಜೋರಾಗಿ ಓಡತೊಡಗುತ್ತವೆ. ಕೊನೆಯದಂತೂ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಆಡುವವರ ಎದೆ ಡವಡವ. ಇದೇನೋ ಜಾಣ ಯೋಜನೆ ಅನ್ನಿಸುತ್ತದೆ, ಅಲ್ವಾ? ಮೂಲದಲ್ಲಿ ಅದು ಪ್ರೊಸೆಸರ್‌ನ ನಿಧಾನ. ಪರದೆ ತುಂಬಾ ಜೀವಿಗಳಿದ್ದಾಗ ಅದು ಏದುಸಿರು ಬಿಡುತ್ತಿತ್ತು. ಕಡಿಮೆಯಾದ ಹಾಗೆ ಬಿಡಿಸುವ ಕೆಲಸ ಕಡಿಮೆ, ವೇಗ ಜಾಸ್ತಿ. ಆಟ ಮಾಡಿದ ತೊಮೊಹಿರೊ ನಿಶಿಕಾದೊ ಅದನ್ನು ಸರಿ ಮಾಡದೆ ಹಾಗೇ ಬಿಟ್ಟರು. ಇನ್ನು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್, ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟ ಬರೆದ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಪಕ್ಕಪಕ್ಕ ಇಟ್ಟು ಇಟ್ಟಿಗೆ ಮಾಡಿಕೊಂಡರು.

ಗೇಮ್ ಸುಮ್ನೆ ಟೈಮ್ ವೇಸ್ಟ್ ಅನ್ನುವವರ ಬಾಯಿ ಮುಚ್ಚಿಸಲು ಅವಳ ಹತ್ತಿರ ಇನ್ನೊಂದು ಅಸ್ತ್ರ ಇದೆ. ಗೇಮ್ ಚಿತ್ರ ಬಿಡಿಸಲೆಂದೇ ಬೆಳೆದ ಗ್ರಾಫಿಕ್ಸ್ ಚಿಪ್‌ಗಳೇ ಇವತ್ತಿನ ಎಐಗೆ ಎಂಜಿನ್. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಅಲೆಕ್ಸ್‌ನೆಟ್ ಅನ್ನುವ ಎಐ ತರಬೇತಿ ಪಡೆದದ್ದು ಗೇಮರ್‌ಗಳಿಗಾಗಿ ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡ್‌ಗಳ ಮೇಲೆ. ಅಕ್ಕನಿಗೆ ಇದನ್ನು ಹೇಳಿ ನೋಡಿದ್ದಾಳೆ. ಪ್ರಯೋಜನವಾಗಿಲ್ಲ.

ತೆಗೆಯುವವರು, ತುಂಬುವವರು

ಮ್ಯೂಟ್ ಮಾಡಿ ಅವಳು ನೋಡುವುದೇನು ಅಂದರೆ, ನ್ಯೂಸ್ ಪರದೆಯ ಲೇಔಟ್. ಮೇಲೆ ಗಡಿಯಾರ, ಪಕ್ಕದಲ್ಲಿ ಕೆಂಪು ಲೈವ್ ಗುರುತು, ಕೆಳಗೆ ಎರಡು ಸಾಲು ಶೀರ್ಷಿಕೆ, ಅದರ ಕೆಳಗೆ ಓಡುವ ಪಟ್ಟಿ, ಜೊತೆಗೆ ತಿರುಗುವ ಲೋಗೋ. ಗೇಮ್ ಪರದೆಯಲ್ಲೂ ಹೀಗೇ ಇರುತ್ತದೆ. ಎಷ್ಟು ಜೀವ ಉಳಿದಿದೆ, ಎಷ್ಟು ಗುಂಡಿದೆ, ನಕ್ಷೆಯಲ್ಲಿ ಎಲ್ಲಿದ್ದೀಯ. ವ್ಯತ್ಯಾಸ ಅಂದರೆ ಗೇಮ್ ಮಾಡುವವರು ಅದರಲ್ಲಿ ಏನನ್ನು ತೆಗೆಯಬಹುದು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. 2008ರ ಡೆಡ್ ಸ್ಪೇಸ್ ಆ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿ, ನಾಯಕನ ಉಡುಪಿನ ಬೆನ್ನುಮೂಳೆಯ ಮೇಲೇ ಜೀವದ ಮಟ್ಟವನ್ನು ದೀಪವಾಗಿ ಕೂರಿಸಿತು. ನ್ಯೂಸ್‌ನವರು ಸೇರಿಸುವುದನ್ನು ಬಿಟ್ಟು ತೆಗೆಯುವುದನ್ನು ಕಲಿಯಲೇ ಇಲ್ಲ. ಅಮೆರಿಕದ ನ್ಯೂಸ್ ಚಾನೆಲ್‌ಗಳಲ್ಲಿ ಕೆಳಗೆ ಓಡುವ ಪಟ್ಟಿ ಕಾಯಂ ಆದದ್ದು 2001ರ ಸೆಪ್ಟೆಂಬರ್ 11ರಂದು. ಆ ದಿನ ಒಂದರ ಮೇಲೊಂದು ಬರುತ್ತಿದ್ದ ಮಾಹಿತಿಗೆ ಬಾಯಲ್ಲಿ ಹೇಳುವ ಮಾತು ಸಾಲುತ್ತಿರಲಿಲ್ಲ. ತುರ್ತು ಮುಗಿಯಿತು. ಪಟ್ಟಿ ಹೋಗಲಿಲ್ಲ. ಉಳಿದ ದೇಶದವರೂ ಅದನ್ನು ಹಾಕಿಕೊಂಡರು. ಈಗ ಎಲ್ಲೂ ಏನೂ ಆಗದ ಮಧ್ಯಾಹ್ನದಲ್ಲೂ ಅದು ಓಡುತ್ತಲೇ ಇರುತ್ತದೆ.

ಹೊಗೆ ನೋಡು

ಇನ್ನೊಂದು ರಾತ್ರಿ. ಎಲ್ಲೋ ಯುದ್ಧ ನಡೆಯುತ್ತಿತ್ತು. ಒಂದು ಚಾನೆಲ್‌ನಲ್ಲಿ ಎಕ್ಸ್‌ಕ್ಲೂಸಿವ್ ದೃಶ್ಯ ಅಂತ ದಪ್ಪಕ್ಷರದಲ್ಲಿ ಹಾಕಿ ಒಂದು ಕ್ಲಿಪ್ಪನ್ನು ತಿರುತಿರುಗಿಸಿ ತೋರಿಸುತ್ತಿದ್ದರು. ಕತ್ತಲು. ನೆಲದಿಂದ ಮೇಲಕ್ಕೆ ಚಿಮ್ಮುವ ಬೆಂಕಿಯ ಗೆರೆಗಳು. ಎತ್ತರದಲ್ಲಿ ಒಂದು ವಿಮಾನ. ಆಮೇಲೆ ಸ್ಫೋಟ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಇವಳು ಎರಡನೇ ಸಲ ಬಂದಾಗಲೇ, "ಇದು ಗೇಮ್" ಅಂದಳು. ಹೇಗೆ ಹೇಳ್ತೀಯ ಅಂದೆ. "ಹೊಗೆ ನೋಡು" ಅಂದಳು.

ಮುಂದಿನ ಸಲ ಹೊಗೆಯನ್ನಷ್ಟೇ ನೋಡಿದೆ. ಎಲ್ಲ ಸ್ಫೋಟಗಳ ಹೊಗೆಯೂ ಒಂದೇ ಥರ ಅರಳುತ್ತಿತ್ತು. ಒಂದನ್ನು ಸ್ವಲ್ಪ ಓರೆ ಮಾಡಿ ಇಟ್ಟರೆ ಇನ್ನೊಂದು. ನಿಜವಾದ ಹೊಗೆ ಪ್ರತಿ ಸಲ ಬೇರೆ ಬೇರೆ ದಾರಿ ಹಿಡಿಯುತ್ತದೆ. ಗಾಳಿ ಎಳೆದ ಕಡೆ ಹರಿಯುತ್ತದೆ, ಹರಿದು ಹೋಗುತ್ತದೆ. ಆ 16.7 ಮಿಲಿಸೆಕೆಂಡ್‌ನಲ್ಲಿ ಅದನ್ನೆಲ್ಲ ಲೆಕ್ಕ ಹಾಕಲು ಗೇಮ್‌ಗೆ ಪುರುಸೊತ್ತಿಲ್ಲ. ಹೊಗೆಯ ಕೆಲವು ಚಪ್ಪಟೆ ಚಿತ್ರಗಳನ್ನು ಮೊದಲೇ ಮಾಡಿಟ್ಟುಕೊಂಡು, ತಿರುಗಿಸಿ, ಹಿಗ್ಗಿಸಿ, ಒಂದರ ಮೇಲೊಂದು ಹಾಕಿ, ಸದಾ ನೋಡುವವರ ಕಡೆಗೇ ಮುಖ ಮಾಡಿ ನಿಲ್ಲಿಸುತ್ತದೆ. ಜೊತೆಗೆ ಇನ್ನೂ ಇತ್ತು. ಕ್ಯಾಮೆರಾ ನಡುಗುತ್ತಿತ್ತು, ಆದರೆ ಸ್ಫೋಟವಾದಾಗ ಬೆಚ್ಚಿಬೀಳುತ್ತಿರಲಿಲ್ಲ. ಫ್ರೇಮ್‌ನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ವಿಡಿಯೋ ತೆಗೆದವನು ಏನಾದರೂ ಕೂಗಿರಬೇಕಲ್ಲ ಅಂತ ಮ್ಯೂಟ್ ತೆಗೆದು ನೋಡಿದೆವು. ಚಾನೆಲ್ ಹಾಕಿದ್ದ ಸಂಗೀತ ಬಿಟ್ಟರೆ ಬೇರೆ ಸದ್ದಿಲ್ಲ.

ಇಂಥ ಕ್ಲಿಪ್‌ಗಳು ಹೆಚ್ಚಾಗಿ ಆರ್ಮಾ 3 ಅನ್ನುವ ಗೇಮ್‌ನವು. 2013ರಲ್ಲಿ ಬಂದದ್ದು. ಯಾರು ಬೇಕಾದರೂ ಹೊಸ ಸೈನ್ಯ, ಹೊಸ ವಿಮಾನ, ಹೊಸ ಜಾಗ ಸೇರಿಸಬಹುದಾದ್ದರಿಂದ ಯಾವ ಯುದ್ಧ ಬೇಕೋ ಆ ಯುದ್ಧ ತಯಾರು. ಈ ಉಪದ್ರವ ಎಷ್ಟಾಯಿತು ಅಂದರೆ, ಅದನ್ನು ಮಾಡಿದ ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿ 2022ರ ನವೆಂಬರ್‌ನಲ್ಲಿ ತನ್ನದೇ ಗೇಮ್‌ನ ದೃಶ್ಯಗಳನ್ನು ನಿಜವಾದ ಯುದ್ಧದ ದೃಶ್ಯಗಳಿಂದ ಬೇರೆ ಮಾಡುವುದು ಹೇಗೆ ಅಂತ ಹೇಳಿಕೆ ಕೊಡಬೇಕಾಯಿತು. ಕಡಿಮೆ ಗುಣಮಟ್ಟದ ವಿಡಿಯೋ, ಅಲುಗಾಡುವ ಕ್ಯಾಮೆರಾ, ಕತ್ತಲು, ಸದ್ದಿಲ್ಲದಿರುವುದು, ಓಡಾಡುವ ಜನ ಕಾಣದಿರುವುದು, ಅಸಹಜ ಹೊಗೆ ಮತ್ತು ಧೂಳು. ಅಂದರೆ ಚಿತ್ರ ಚೆನ್ನಾಗಿಲ್ಲದಷ್ಟೂ ನಿಜ ಅನ್ನಿಸುತ್ತದೆ ಅಂತ ವಂಚಕರಿಗೆ ಗೊತ್ತಾಗಿದೆ. ಪತ್ರಿಕೋದ್ಯಮ ಓದಿದವರು ಎಷ್ಟೋ ಜನ ಕೂತ ಕೋಣೆಯನ್ನು ದಾಟಿಕೊಂಡು ಬಂದ ಕ್ಲಿಪ್ ಒಬ್ಬ ಕಾಲೇಜು ಹುಡುಗಿಯ ಮುಂದೆ ನಿಲ್ಲಲಿಲ್ಲ.

ಮರುದಿನ ಆ ಕ್ಲಿಪ್ ಕಾಣಲಿಲ್ಲ. ತಪ್ಪಾಯಿತು ಅನ್ನುವ ಸಾಲು ಓಡುವ ಪಟ್ಟಿಯಲ್ಲಾದರೂ ಬರುತ್ತದೇನೋ ಅಂತ ಅವಳು ಸಂಜೆಯವರೆಗೂ ಕಾದಳು. ಬರಲಿಲ್ಲ. ರಬ್ಬರ್ ಬ್ಯಾಂಡ್ ಇಲ್ಲದ ಗೇಮ್ ಇದು ಅಂತ ಗೊಣಗಿದಳು.

ನೀರು ಎಲ್ಲಿ ಬಂತು

ಇಷ್ಟೆಲ್ಲ ಹೊಗಳಿದೆ ಅಂತ ಅವಳ ನೋಟದ ಬಗ್ಗೆ ನನಗೆ ತಕರಾರೇ ಇಲ್ಲ ಅಂತಲ್ಲ. ಅವಳ ಬಲು ಇಷ್ಟದ ನ್ಯೂಸ್ ತುಣುಕು ಒಂದಿದೆ. 2018ರ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್ ಚಂಡಮಾರುತ ಬರುವ ಮೊದಲು ಅಮೆರಿಕದ ವೆದರ್ ಚಾನೆಲ್ ತೋರಿಸಿದ್ದು. ನಿರೂಪಕಿ ಒಂದು ಬೀದಿಯಲ್ಲಿ ನಿಂತಿರುತ್ತಾಳೆ. ಸಮುದ್ರದ ನೀರು ಮೂರು ಅಡಿ ಏರಿದರೆ ಹೀಗೆ, ಆರು ಅಡಿಗೆ ಹೀಗೆ, ಒಂಬತ್ತು ಅಡಿಗೆ ಹೀಗೆ ಅಂತ ಹೇಳುತ್ತಾ ಹೋದ ಹಾಗೆ ಅವಳ ಸುತ್ತ ನೀರು ಏರುತ್ತಾ ಹೋಗುತ್ತದೆ. ಕಾರು ತೇಲುತ್ತದೆ. ನೀರು ಅವಳ ತಲೆಗಿಂತ ಮೇಲೆ ಗೋಡೆಯ ಹಾಗೆ ನಿಲ್ಲುತ್ತದೆ. ಆ ನೀರನ್ನು ಬಿಡಿಸಿದ್ದು ಗೇಮ್‌ಗಳಿಗೆ ಬಳಸುವ ಅನ್‌ರಿಯಲ್ ಎಂಜಿನ್ ಅನ್ನುವ ಸಾಫ್ಟ್‌ವೇರ್. ಗೇಮ್, ನ್ಯೂಸ್, ಟೆಕ್ನಾಲಜಿ ಮೂರೂ ಒಂದೇ ತುಣುಕಿನಲ್ಲಿ. ನೀರಿನ ಮೇಲೆ ಬೆಳಕು ಹೇಗೆ ಮುರಿಯುತ್ತದೆ, ನಿರೂಪಕಿಯ ಕಾಲು ಎಲ್ಲಿ ನಿಂತಿದೆ ಅಂತ ಎಂಜಿನ್‌ಗೆ ಹೇಗೆ ಗೊತ್ತು, ಎಲ್ಲವನ್ನೂ ನನಗೆ ವಿವರಿಸಿದಳು.

ಆ ಚಂಡಮಾರುತ ಕೊನೆಗೆ ಎಲ್ಲಿ ದಡ ಮುಟ್ಟಿತು, ಏನಾಯಿತು ಅಂತ ಕೇಳಿದೆ. ಗೊತ್ತಿರಲಿಲ್ಲ. ನಾರ್ತ್ ಕೆರೊಲಿನಾದಲ್ಲಿ, ಕೆಲವು ಕಡೆ 30 ಇಂಚಿಗಿಂತ ಜಾಸ್ತಿ ಮಳೆ ಸುರಿಯಿತು, ಜನ ಸತ್ತರು ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ನೋಡಿ ಹೆದರಿ ಯಾರಾದ್ರೂ ಮನೆ ಬಿಟ್ಟು ಹೋಗಿದ್ರೆ, ಆ ಎಂಜಿನ್ ಕೆಲಸ ಮಾಡಿತು ಅಂತ ತಾನೇ?" ಅಂದಳು.

ಜಾಣ ಉತ್ತರ. ಅದರಲ್ಲಿ ಸತ್ಯವೂ ಇದೆ. ಆದರೂ ನನಗೆ ಪೂರ್ತಿ ಸಮಾಧಾನವಾಗಿಲ್ಲ. ಹೊಗೆ ಸುಳ್ಳು ಅಂತ ಕಂಡುಹಿಡಿದ ರಾತ್ರಿಯೂ ಅವಳು ಕೇಳಿದ್ದು ಕ್ಲಿಪ್ ಬಗ್ಗೆಯೇ. ಆ ಯುದ್ಧ ಯಾಕೆ ನಡೆಯುತ್ತಿದೆ ಅಂತ ಕೇಳಲಿಲ್ಲ. ಪರದೆ ಹೇಗೆ ಕೆಲಸ ಮಾಡುತ್ತದೆ ಅಂತ ಬಲ್ಲವಳಿಗೆ ಪರದೆಯ ಆಚೆಗಿನದು ಬೇಕಿಲ್ಲದೆಯೂ ಹೋಗಬಹುದು. ಮ್ಯೂಟ್ ಮಾಡಿ ನೋಡುವುದರ ತೊಂದರೆ ಇದು. ಹಾಗಂತ ಸೌಂಡ್ ಹಾಕಿಕೊಂಡು ನೋಡುವ ನಮಗೆಲ್ಲ ಆ ಯುದ್ಧದ ಕಾರಣ ಗೊತ್ತಿತ್ತಾ ಅಂದರೆ, ಅದೂ ಅಷ್ಟಕ್ಕಷ್ಟೇ.

ಪ್ರಶ್ನೆ ಚಿಹ್ನೆ

ಈಗ ಅವಳೇ ಒಂದು ಗೇಮ್ ಬರೆಯುತ್ತಿದ್ದಾಳೆ. ಆಟಗಾರ ಒಂದು ನ್ಯೂಸ್ ಚಾನೆಲ್‌ನ ಡೆಸ್ಕ್‌ನಲ್ಲಿ ಕೂತಿರುತ್ತಾನೆ. ಚೀಟಿಗಳು ಬರುತ್ತಿರುತ್ತವೆ. ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಈಗಲೇ ಪ್ರಸಾರ ಮಾಡಬಹುದು, ಇನ್ನೊಬ್ಬರಿಂದ ಖಚಿತವಾಗಲಿ ಅಂತ ಕಾಯಬಹುದು, ಮೊದಲೇ ಹೇಳಿದ್ದನ್ನು ತಿದ್ದಬಹುದು. ಪಕ್ಕದಲ್ಲಿ ಪ್ರತಿಸ್ಪರ್ಧಿ ಚಾನೆಲ್‌ನ ಪರದೆ ಚಿಕ್ಕದಾಗಿ ಕಾಣುತ್ತಿರುತ್ತದೆ. ಅಲ್ಲಿ ಸುದ್ದಿ ಮೊದಲು ಬಂದರೆ ನಿಮ್ಮ ವೀಕ್ಷಕರು ಅತ್ತ ಹೋಗುತ್ತಾರೆ.

ಮೊದಲು ವೀಕ್ಷಕರ ಸಂಖ್ಯೆಯನ್ನೇ ಸ್ಕೋರ್ ಮಾಡಿದ್ದಳು. ಗೆಳೆಯರಿಗೆ ಆಡಲು ಕೊಟ್ಟಳು. ಎಲ್ಲರೂ ಬಂದದ್ದನ್ನೆಲ್ಲ ಪ್ರಸಾರ ಮಾಡಿದರು. ತಿದ್ದುವ ಬಟನ್ ಇದೆ ಅಂತಲೂ ಕೆಲವರಿಗೆ ಗೊತ್ತಾಗಲಿಲ್ಲ. ಅವರನ್ನು ಬೈಯುವ ಬದಲು ಅವಳು ನಿಯಮ ಬದಲಿಸಿದಳು. ನಂಬಿಕೆ ಅಂತ ಒಂದು ಪಟ್ಟಿ ಸೇರಿಸಿದಳು. ಸುಳ್ಳು ಸಿಕ್ಕಿಬಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ತಾವಾಗಿಯೇ ಬೇಗ ತಿದ್ದಿದರೆ ಸ್ವಲ್ಪವೇ ಇಳಿಯುತ್ತದೆ. ಈ ಸಲ ಜನ ತಿದ್ದತೊಡಗಿದರು. ಅವಳ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ.

ಶೀರ್ಷಿಕೆಯನ್ನು ಆಟಗಾರರೇ ಬರೆಯಬಹುದು ಅಂತ ಬಿಟ್ಟಿದ್ದಳು. ಒಬ್ಬ ಹುಡುಗ ಪ್ರತಿ ಶೀರ್ಷಿಕೆಯ ಕೊನೆಗೂ ಪ್ರಶ್ನೆ ಚಿಹ್ನೆ ಹಾಕಿದ. ಸೇತುವೆ ಕುಸಿದಿದೆಯಾ? ಮಂತ್ರಿ ರಾಜೀನಾಮೆ ಕೊಡ್ತಾರಾ? ಹೇಳಿಕೆಯಲ್ಲ, ಬರೀ ಪ್ರಶ್ನೆ. ಸುಳ್ಳಾದರೂ ಸಿಕ್ಕಿಬೀಳುವುದಿಲ್ಲ, ತಿದ್ದುವ ಅಗತ್ಯವೂ ಇಲ್ಲ, ವೀಕ್ಷಕರೂ ಹೋಗುವುದಿಲ್ಲ. ಎಲ್ಲರ ಸ್ಕೋರನ್ನೂ ದಾಟಿಬಿಟ್ಟ. ಅವನು ನ್ಯೂಸ್ ನೋಡುವವನೇ ಅಲ್ಲವಂತೆ. ನಿಯಮದಲ್ಲಿ ಬಿರುಕು ಹುಡುಕುವುದು ಗೇಮರ್‌ಗಳ ಸ್ವಭಾವ, ಹುಡುಕಿದ, ಸಿಕ್ಕಿತು.

ಪ್ರಶ್ನೆ ಚಿಹ್ನೆಗೂ ದಂಡ ಹಾಕು ಅಂದೆ. ಆಗಲ್ಲ ಅಂದಳು. ನಿಜವಾಗಿಯೂ ಗೊತ್ತಿಲ್ಲದಾಗ, ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಹೇಳುವವನಿಗೂ ಅದೇ ದಂಡ ಬೀಳುತ್ತದೆ. ಇಬ್ಬರೂ ಪರದೆಯ ಮೇಲೆ ಒಂದೇ ಥರ ಕಾಣುತ್ತಾರೆ, ಕಂಪ್ಯೂಟರ್‌ಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಕೇಳಿದ ಪ್ರಶ್ನೆಗೆ ಇಷ್ಟು ಹೊತ್ತಿನೊಳಗೆ ಉತ್ತರ ಹೇಳದಿದ್ದರೆ ಮಾತ್ರ ದಂಡ ಅಂತ ಮಾಡಬಹುದಾ ಅಂತ ಈಗ ನೋಡುತ್ತಿದ್ದಾಳೆ. ಎಷ್ಟು ಹೊತ್ತು ಕೊಡಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೂ ಜಗಳ ನಡೆದಿದೆ. ನಾನು ಒಂದು ಸುತ್ತು ಅನ್ನುತ್ತೇನೆ. ಅವಳು, ಆಟದ ಗಡಿಯಾರದಲ್ಲಿ ಸಂಜೆಯ ಬುಲೆಟಿನ್ ಬರುವವರೆಗೆ ಅನ್ನುತ್ತಾಳೆ.